ಹೋದ ವಾರದ ತಾಜಾ ಆಟ

ಡೆಮ್ಮಸ್: ಬಾಯಿ ಮುಚ್ಚು ಸುನ್ನೆವಾ! ಇನ್ನೊಂದು ಮಾತು ಹೊರಬಿದ್ರೆ ಈ ಮನೇಲಿ ನಾನಿರಲ್ಲ.

ಸುನ್ನೆವಾ: ಇರ್ಬೇಡ ಅಂತಾನೇ ನಾನೂ ಹೇಳ್ತಿರೋದು. ಮಧ್ಯಾಹ್ನದ ದೋಣಿಗೆ ಆಚೆ ದಡಕ್ಕೆ ಹೋಗು. ನಮ್ಮಕ್ಕನ ಮನೇಲಿ ಕೂತು ಆಟ ನೋಡು.

ಡೆಮ್ಮಸ್: ನಿಮ್ಮಕ್ಕನ ಮನೇಗಾ? ಬಾಗಿಲು ತೆಗೆಯೋಕೆ ಮುಂಚೆ ಯಾರು ಗೆದ್ರು ಅಂತ ಕೂಗಿಬಿಡ್ತಾಳೆ ಮಹಾತಾಯಿ!

ನಮ್ಮ ಫೆರೋ ದ್ವೀಪಗಳಿಗೆ ಟೀವಿ ಬಂದ ಹೊಸತು. ಅದರಲ್ಲೂ ನಮ್ಮ ಸ್ವೀನೋಯ್ ಕಡಲಂಚಿನ ಪುಟ್ಟ ದ್ವೀಪ. ಡೆನ್ಮಾರ್ಕಿನ ಕಾರ್ಯಕ್ರಮವೆಲ್ಲ ಟೇಪಿನಲ್ಲಿ ತುಂಬಿ ವಿಮಾನದಲ್ಲಿ ಬರಬೇಕು, ಮಂಜು ಕವಿದರೆ ವಿಮಾನ ಇಳಿಯುವುದೇ ಇಲ್ಲ. ಹೀಗಾಗಿ ರೇಡಿಯೋದಲ್ಲಿ ಮುಗಿದುಹೋದ ಫುಟ್‌ಬಾಲ್ ಆಟ ಟೀವಿಯಲ್ಲಿ ವಾರದ ಮೇಲೆ ಶುರುವಾಗುತ್ತಿತ್ತು. ಫಲಿತಾಂಶ ಕಿವಿಗೆ ಬೀಳಬಾರದೆಂದು ಡೆಮ್ಮಸ್ ವಾರದಿಂದ ರೇಡಿಯೋ ಮುಟ್ಟಿಲ್ಲ, ಚರ್ಚಿಗೆ ಹೋಗಿಲ್ಲ, ಬಂದರಿನ ಕಡೆ ತಲೆಯೂ ಹಾಕಿಲ್ಲ. ಎರಡೂ ಕಿವಿಯಲ್ಲಿ ಹೆಂಡತಿ ಹಿಂಜಿಟ್ಟ ಕುರಿಯುಣ್ಣೆ. ಇಷ್ಟು ಕಟ್ಟುನಿಟ್ಟಿನ ವ್ರತವನ್ನು ಅವನು ದೇವರಿಗೂ ಮಾಡಿದವನಲ್ಲ.

ಸುನ್ನೆವಾ: ಆಟದ ವಿಷಯ ಅಲ್ಲ ಕಣೋ. ಬೆಳಿಗ್ಗೆ ರೇಡಿಯೋದಲ್ಲಿ...

ಡೆಮ್ಮಸ್: ರೇಡಿಯೋ ಹೆಸರೆತ್ತಬೇಡ!

ಸುನ್ನೆವಾ: ಸಂಜೆ ಆರು ಗಂಟೆಗೆ...

ಡೆಮ್ಮಸ್: ಆಟ ಆರಕ್ಕೆ ಅಂತ ನಂಗೊತ್ತಿಲ್ವಾ? ಅದನ್ನೂ ನೀನೇ ಹೇಳ್ಬೇಕಾ? ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ, ನಾವು ಸೋತಿದ್ದೀವಿ.

ಸುನ್ನೆವಾ: ಮದುವೆ ಆದಾಗಿನಿಂದ ನನ್ನ ಮುಖ ಹೀಗೇ ಇದೆ.

ಡೆಮ್ಮಸ್: ಆ ಕಡೆ ತಿರುಗಿ ನಿಲ್ಲು!

ಅವಳು ತಿರುಗಿ ನಿಂತು ಕಿಟಕಿಯ ಜೊತೆ ಮಾತಿಗಿಳಿದಳು.

ಸುನ್ನೆವಾ: ಇವನು ಐಸ್‌ಲ್ಯಾಂಡ್ ಕಡೆ ಮೀನಿಗೆ ಹೋದಾಗ, ಹಡಗಿನ ಸುದ್ದಿ ಬರುತ್ತೆ ಅಂತ ಪಾದ್ರಿ ಮನೆ ರೇಡಿಯೋಗೆ ಕಿವಿ ಹಚ್ಚಿ ಕೂತಿರ್ತಿದ್ದೆ. ಊರಿಗೆಲ್ಲ ಆಗ ಅದೊಂದೇ ಪೆಟ್ಟಿಗೆ. ಈಗ ನೋಡು, ಈ ಪುಣ್ಯಾತ್ಮ ಕಿವಿಗೆ ಉಣ್ಣೆ ತುರುಕ್ಕೊಂಡು ಕೂತಿದಾನೆ.

ಡೆಮ್ಮಸ್: ಆಗ ನಾನು ಬದುಕಿದ್ದೀನೋ ಇಲ್ವೋ ಅನ್ನೋದಷ್ಟೇ ಸುದ್ದಿ. ಇದು ಫುಟ್‌ಬಾಲ್ ಕಣೇ!

ಸುನ್ನೆವಾ: ಕೊನೇ ಸಲ ಹೇಳ್ತೀನಿ. ದೋಣಿ ಹೊರಡ್ತಾ ಇದೆ. ಇಲ್ಲೇ ಇದ್ರೆ ಇವತ್ತು ಸಂಜೆ ಕರೆಂ...

ಡೆಮ್ಮಸ್: ಹೇಳ್ಬೇಡ, ಹೇಳ್ಬೇಡ! ಕೇಳಿದ್ರೆ ಮಜಾ ಹೋಗುತ್ತೆ!

ಉಣ್ಣೆಯ ಮೇಲೆ ಅಂಗೈ ಒತ್ತಿಕೊಂಡು ಗಟ್ಟಿಯಾಗಿ ಚರ್ಚಿನ ಹಾಡು ಶುರುಮಾಡಿದ. ಅಷ್ಟೂ ಚರಣ ಮುಗಿಯುವ ಹೊತ್ತಿಗೆ ದೋಣಿ ಹೊರಟುಹೋಗಿತ್ತು. ಸುನ್ನೆವಾಗೂ ರೇಗಿತು, ಹೆಣಿಗೆ ಹಿಡಿದು ಕೂತುಬಿಟ್ಟಳು.

ಸಂಜೆಯಾಯಿತು. ಜೂನ್ ತಿಂಗಳಾದ್ದರಿಂದ ಹೊರಗೆ ಇನ್ನೂ ಒಳ್ಳೆಯ ಬೆಳಕು. ಡೆಮ್ಮಸ್ ಚರ್ಚಿಗೆ ಹಾಕುವ ಅಂಗಿ ತೊಟ್ಟು, ಗಾಳಿಗೆ ಒಣಗಿಸಿದ ಕುರಿಮಾಂಸವನ್ನು ತೆಳ್ಳಗೆ ಕೊಯ್ದುಕೊಂಡು ಟೀವಿ ಮುಂದೆ ಆಸೀನನಾದ. ಆಟಗಾರರು ಸಾಲಾಗಿ ನಿಂತರು. ಅವನು ಕಿವಿಯ ಉಣ್ಣೆ ತೆಗೆದು ಮೇಜಿನ ಮೇಲಿಟ್ಟ. ರೆಫರಿ ಸೀಟಿಯನ್ನು ಬಾಯಿಗಿಟ್ಟ.

ಟೀವಿ ಆರಿಹೋಯಿತು.

ಡೆಮ್ಮಸ್: ಏನಾಯ್ತೇ?

ಸುನ್ನೆವಾ: ಆರು ಗಂಟೆ ಆಯ್ತು.

ಡೆಮ್ಮಸ್: ಅಂದ್ರೆ?

ಸುನ್ನೆವಾ: ನಮ್ಮ ದ್ವೀಪದ ಕರೆಂಟ್ ತಂತಿ ರಿಪೇರಿ. ಆರರಿಂದ ಒಂಬತ್ತರವರೆಗೆ. ಬೆಳಿಗ್ಗೆ ರೇಡಿಯೋದವರು ಬಡ್ಕೊಂಡ್ರು, ಆಮೇಲೆ ನಾನು ಬಡ್ಕೊಂಡೆ. ಆಚೆ ದಡದಲ್ಲಿ ಕರೆಂಟ್ ಇದೆ. ನಮ್ಮಕ್ಕ ಆರಾಮಾಗಿ ನೋಡ್ತಿರ್ತಾಳೆ.

ಡೆಮ್ಮಸ್: ದೋಣಿ?

ಸುನ್ನೆವಾ: ನಾಳೆ ಬೆಳಿಗ್ಗೆಗೆ.

ಡೆಮ್ಮಸ್: ಆಟ ಇನ್ನೊಂದ್ಸಲ ಹಾಕಲ್ವಾ?

ಸುನ್ನೆವಾ: ಟೇಪು ವಾಪಸ್ ಹೋಗುತ್ತಂತೆ.

ವಾರದ ವ್ರತ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಡೆಮ್ಮಸ್ ಕಪ್ಪು ಪರದೆಯಲ್ಲಿ ತನ್ನದೇ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಪಾಪ, ಅಳುವುದೊಂದು ಬಾಕಿ.

ಡೆಮ್ಮಸ್: ಆಯ್ತು ಮಾರಾಯ್ತಿ, ತಪ್ಪು ನಂದೇ. ಯಾರು ಗೆದ್ರು, ಅದನ್ನಾದ್ರೂ ಹೇಳು.

ಸುನ್ನೆವಾ ಹೆಣಿಗೆ ಕೆಳಗಿಟ್ಟಳು. ಅವನ ತಟ್ಟೆಯಿಂದ ಒಂದು ತುಂಡು ಮಾಂಸ ಬಾಯಿಗೆ ಹಾಕಿಕೊಂಡಳು. ಆಮೇಲೆ ಮೇಜಿನ ಮೇಲಿದ್ದ ಉಣ್ಣೆಯನ್ನು ನಿಧಾನವಾಗಿ ಎರಡು ಉಂಡೆ ಮಾಡಿ, ತನ್ನ ಎರಡೂ ಕಿವಿಗೆ ಇಟ್ಟುಕೊಂಡಳು.

ಸುನ್ನೆವಾ: ಹೇಳ್ಬೇಡ, ಹೇಳ್ಬೇಡ! ಕೇಳಿದ್ರೆ ಮಜಾ ಹೋಗುತ್ತೆ!