ಬೀದಿಯಲ್ಲಿ ಕಾರು ಕಟ್ಟಿದವರು

ಆಗುವುದೇ ಇಲ್ಲ ಎಂದವರ ಹೆಸರನ್ನು ಮೊದಲೇ ಹೇಳಿಬಿಡುತ್ತೇನೆ: ಶಿಕಾರಿಪುರದ ನನ್ನ ಸೋದರಮಾವ ಮಲ್ಲೇಶಪ್ಪ. ಬೇರೆಯವರ ಉತ್ಸಾಹ ಕಂಡರೆ ಅವರ ಬಾಯಿಗೆ ತಾನಾಗಿ ಬರುವ ಮಾತು 'ಆಗಂಗಿಲ್ಲ'. ನಾನು ಬಿ.ಎ.ಗೆ ಸೇರಿದಾಗಲೂ, "ನಿಮ್ಮ ಮನ್ಯಾಗ ಹತ್ತನೇ ಕ್ಲಾಸು ದಾಟಿದೋರು ಯಾರದಾರ? ಇದು ಆಗಂಗಿಲ್ಲ ಬಿಡಲೇ" ಎಂದಿದ್ದರು. ಬೆಳಗ್ಗೆ ಮನೆಮನೆಗೆ ಹಾಲು ಹಾಕಿ, ಆಮೇಲೆ ಕಾಲೇಜಿಗೆ ನಡೆದು, ಇಂಗ್ಲಿಷಿನಲ್ಲಿ ಎರಡು ಸಲ ಬಿದ್ದು, ಕೊನೆಗೂ ಎದ್ದು ಡಿಗ್ರಿ ತಂದೆ. ಅಂದಿನಿಂದ ಮಾವ ಆಗಂಗಿಲ್ಲ ಎಂದರೆ ಆ ಕೆಲಸ ಅರ್ಧ ಆಯಿತೆಂದೇ ನನ್ನ ಲೆಕ್ಕ.

ಈ ಸಲ ಅವರು ಹಾಗೆಂದದ್ದು, ಸೊರಬದ ನಮ್ಮ ಬೀದಿಯನ್ನು ವಾರಕ್ಕೊಂದು ಸಂಜೆಯಾದರೂ ಕಾರುಗಳಿಂದ ಬಿಡಿಸುತ್ತೇನೆ ಎಂದಾಗ. ಅದನ್ನು ಬೀದಿ ಎನ್ನಲು ನಾಚಿಕೆಯಾಗುತ್ತದೆ. ಸೈಟಿನ ಕೊನೆಯ ಅಂಗುಲದವರೆಗೂ ಗೋಡೆ ಎಬ್ಬಿಸಿ, ಅಡಿಕೆಗೆ ರೇಟು ಬಂದ ವರ್ಷ ಕಾರು ತಂದು, ಅದನ್ನು ಬೀದಿಯಲ್ಲಿ ನಿಲ್ಲಿಸಿ, ಮೇಲೊಂದು ಟಾರ್ಪಾಲು ಹೊದಿಸಿ, ತಾವು ಒಳಗೆ ಹೋಗಿ ನೆಮ್ಮದಿಯಾಗಿ ಮಲಗುವವರೇ ಎಲ್ಲ. ಎರಡೂ ಬದಿ ನಿಂತ ಕಾರುಗಳಿಗೆ, ನಡುವೆ ಉಳಿದದ್ದು ಓಡುವ ಕಾರುಗಳಿಗೆ. ಮನುಷ್ಯರಿಗೆ ಚರಂಡಿಯ ಚಪ್ಪಡಿ. ಅದರ ಮೇಲೂ ಬೈಕು. ನನ್ನ ಮನೆಯೂ ಕೊನೆಯ ಅಂಗುಲದವರೆಗೇ ಇದೆ ಅನ್ನಿ. ಕಾರಿಲ್ಲ ಎನ್ನುವ ಒಂದೇ ಕಾರಣಕ್ಕೆ ನಾನು ಸಜ್ಜನ. ಶೋರೂಮಿಗೆ ಹೋಗಿ ಬಿಳೀ ಕಾರೊಂದರ ಸ್ಟೇರಿಂಗ್ ಹಿಡಿದು ಕೂತು ಬಂದದ್ದುಂಟು. ಅದನ್ನು ನಿಮಗಲ್ಲದೆ ಇನ್ಯಾರಿಗೂ ಹೇಳಿಲ್ಲ.

ನಮ್ಮವ್ವ 'ಕಾರು ನಿಲ್ಲಿಸಿದಾರೆ' ಎನ್ನುವುದಿಲ್ಲ, 'ಕಟ್ಟಿದಾರೆ' ಎನ್ನುತ್ತಾಳೆ. ಹಿಂದೆ ಅವಳು ಮನೆ ಮುಂದೆ ಎಮ್ಮೆ ಕಟ್ಟುತ್ತಿದ್ದಳು. ಬೀದಿ ಸಾರ್ವಜನಿಕರದ್ದು, ಬಿಚ್ಚಿಕೊಂಡು ಹೋಗಿ ಎಂದು ಯಾರೋ ಸಾಹೇಬರು ಬಂದು ಗದರಿದ್ದರು. ಎಮ್ಮೆ ಮಾರಿದೆವು. "ನನ್ನ ಎಮ್ಮೆ ಹಾಲಾದ್ರೂ ಕೊಡ್ತಿತ್ತು. ಇವನ್ನ ಕಟ್ಟಿದೋರಿಗೆ ಯಾರೂ ಏನೂ ಅನ್ನಲ್ವಲ್ಲ?" ಎಂದು ಅವಳು ಇವತ್ತಿಗೂ ನನ್ನ ಡಿಗ್ರಿಯನ್ನೇ ಕೇಳುತ್ತಾಳೆ. ಎದುರು ಮನೆಯ ಗಂಗಮ್ಮ ಅವ್ವನ ಗೆಳತಿ. ಸಂಜೆಯಾದರೆ ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು ಊರನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದರು. ಕಾರೊಂದರ ಕನ್ನಡಿ ಮೊಣಕೈಗೆ ಬಡಿದು ಹೋದ ಮೇಲೆ ಅವ್ವ ಹೊಸ್ತಿಲು ದಾಟುವುದನ್ನೇ ಬಿಟ್ಟಳು. ಎದುರುಬದುರು ಮನೆಯ ಈ ಇಬ್ಬರು ಈಗ ಮಾತಾಡುವುದು ಫೋನಿನಲ್ಲಿ. "ಕೇಳ್ತದೇನೇ? ಹಾರನ್ನು ಕಣೇ, ತಡಿ" ಎಂದು ಅವಳು ಕೂಗುವುದನ್ನು ಕೇಳಿದರೆ ನನ್ನ ಮೈಯೆಲ್ಲ ಉರಿಯುತ್ತಿತ್ತು.

ಪುರಸಭೆ ಕಚೇರಿಗೆ ಹೋದೆ. ಭಾನುವಾರ ಸಂಜೆಯಾದರೂ ಬೀದಿಗೆ ಕಾರು ಬಿಡಬೇಡಿ ಎಂದೆ.

"ಕಾರಣ ಏನು ರೀ?" ಎಂದ ಗುಮಾಸ್ತ.

"ಜನ ಕೂರೋಕೆ."

"ಕೂರೋಕೆಲ್ಲ ಬೀದಿ ಕೊಡಕ್ಕಾಗಲ್ಲ ರೀ. ಮದುವೆನೋ ತಿಥಿನೋ ಇದ್ರೆ ಶಾಮಿಯಾನ ಹಾಕ್ಕಳಿ, ಯಾರೂ ಕೇಳಲ್ಲ."

ಅಂದರೆ ನಮಗೆ ಬೀದಿ ಸಿಗಬೇಕಾದರೆ ಮದುವೆಯಾಗಬೇಕು, ಇಲ್ಲವೇ ಸಾಯಬೇಕು. ಸಿಟ್ಟಿನಲ್ಲೇ ದಾರಿಯುದ್ದಕ್ಕೂ ಅದನ್ನೇ ಜಗಿಯುತ್ತ ಬಂದೆ. ಆದರೆ ಅವನು ಹೇಳಿದ್ದು ನಿಜ. ಪೊಲೀಸರ ಕೈಗೆ ಬಗ್ಗದ ಕಾರು ಶಾಮಿಯಾನದ ಗಳಕ್ಕೆ ಬಗ್ಗುತ್ತದೆ. ಕಂಡ ಕೂಡಲೇ ಹಾರನ್ನು ನುಂಗಿಕೊಂಡು ರಿವರ್ಸ್ ಹೋಗುತ್ತದೆ. ಮುಂದಿನ ಭಾನುವಾರ ಬೀದಿಯ ಎರಡೂ ತುದಿಗೆ ಶಾಮಿಯಾನ ಹಾಕಿಸಿ, ನಡುರಸ್ತೆಯಲ್ಲಿ ಕುರ್ಚಿ ಇಟ್ಟು, ಅವ್ವನನ್ನೂ ಗಂಗಮ್ಮನನ್ನೂ ಕೂರಿಸಿದೆ. ಸ್ವಲ್ಪ ಹೊತ್ತಿಗೆ ಕಾರೊಂದು ಬಂದು ನಿಂತಿತು. ಇಳಿದವರು ಚಪ್ಪಲಿ ಬಿಟ್ಟು, ದನಿ ತಗ್ಗಿಸಿ, "ಯಾರು ರೀ ಹೋಗಿದ್ದು?" ಎಂದರು.

"ಯಾರೂ ಹೋಗಿಲ್ಲ ರೀ. ಬದುಕಿರೋರೇ ಕೂತಿದೀವಿ" ಎಂದೆ.

"ಹಂಗಾರೆ ದಾರಿ ಬಿಡ್ರಿ ಮತ್ತೆ."

ಗಂಗಮ್ಮ ಕೂತಲ್ಲಿಂದಲೇ, "ಸತ್ರೆ ಮಾತ್ರ ಸುತ್ತು ಹಾಕ್ಕಂಡು ಹೋಗ್ತೀಯೇನಪ್ಪ? ಬಾ, ಚಾ ಕುಡ್ದು ಹೋಗು" ಎಂದಳು. ಅವರು ಚಾ ಕುಡಿದು, ಸುತ್ತು ಹಾಕಿಕೊಂಡೇ ಹೋದರು.

ಬೀದಿಯವರೂ ಸುಮ್ಮನಿರಲಿಲ್ಲ. "ಕಾರು ತಲೆ ಮೇಲೆ ಇಟ್ಕಳಾದಾ?" ಎಂದು ಬೈದರು. "ಎಮ್ಮೆನ ನಾವೇನು ತಲೆ ಮೇಲೆ ಇಟ್ಕಂಡಿದ್ವಾ?" ಎಂದು ನಾನೂ ಬೈದೆ. ವಾರ ವಾರ ಜಗಳವಾಡಿದ ಮೇಲೆ ಅವರೇ ಕಾರುಗಳನ್ನು ಸಂತೆ ಮೈದಾನದಲ್ಲಿ ಬಿಟ್ಟು, ನಡುರಸ್ತೆಯಲ್ಲಿ ಚೌಕಾಬಾರ ಬರೆದು ಆಡಲು ಕೂತರು. ಕಚೇರಿಯವರು ಬಂದು ನೋಡಿದರು, ಭಾನುವಾರ ಸಂಜೆ ವಾಹನಗಳಿಗೆ ಪ್ರವೇಶವಿಲ್ಲ ಎಂದು ಬೋರ್ಡು ನೆಟ್ಟರು. ಮದುವೆಯೂ ಇಲ್ಲದೆ, ತಿಥಿಯೂ ಇಲ್ಲದೆ.

ಮೊನ್ನೆ ಅದೇ ಶಾಮಿಯಾನದಡಿ ನನಗೆ ಪುರಸಭೆಯಿಂದ ಗಾಜಿನ ಫ್ರೇಮು ಹಾಕಿದ ಅಭಿನಂದನಾ ಪತ್ರ. ಅಧಿಕಾರಿಗಳು ಗಳದ ಹತ್ತಿರ ಕಾರಿಳಿದು ನಡೆದು ಬಂದರು. ಹಿಂದೆಯೇ ಮಲ್ಲೇಶಪ್ಪ ಮಾವನೂ ಕಾರನ್ನು ಮೈದಾನದಲ್ಲಿ ಬಿಟ್ಟು, ಬೆವರು ಒರೆಸಿಕೊಳ್ಳುತ್ತ ಬಂದು ಗಂಗಮ್ಮನ ಪಕ್ಕ ಕೂತರು. ಅವರ ಬಾಯಿಂದ ಆ 'ಆಗಂಗಿಲ್ಲ' ಬರಲಿಲ್ಲ; ಅದಕ್ಕೇ ನನ್ನ ಎದೆ ಉಬ್ಬಿತು. ಪತ್ರ ಕೈಗೆ ಬಂದದ್ದೇ ತಡ, ಡಿಗ್ರಿ ತಂದ ದಿನದಂತೆ ಅದನ್ನು ನೇರ ಒಯ್ದು ಅವ್ವನ ಮಡಿಲಲ್ಲಿಟ್ಟೆ. ಅವಳು ಸೆರಗಿನಿಂದ ಗಾಜು ಒರೆಸಿ, ತಿರುಗಿಸಿ ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಚೆನ್ನಾಗದೆ ಮಗ. ಅದಿರ್ಲಿ, ಆ ಬಿಳೀ ಕಾರು ತಂದ್ರೆ ಎಲ್ಲಿ ಕಟ್ತೀಯ?"