ನರ ವೀಕಾದ ಸುದ್ದಿ

ಕಾಯಿಲೆಗಳಲ್ಲೂ ಮರ್ಯಾದಸ್ಥ ಕಾಯಿಲೆ, ಮಾನಗೆಟ್ಟ ಕಾಯಿಲೆ ಎಂದು ಎರಡು ಜಾತಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ನಮ್ಮ ಬಾಳೂರು ಕಡೆಯ ಮದುವೆ ಮನೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂತು ಅದರ ಕಥೆ ಹೇಳುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಪ್ರತ್ಯೇಕ ಲೋಟದಲ್ಲಿ ಕಾಫಿ ಬರುತ್ತದೆ. ಬೆನ್ನುನೋವಿನವನನ್ನು ಪಾಪ, ದುಡಿದು ಹೀಗಾದ ಅನ್ನುತ್ತಾರೆ. ನನಗೆ ಮಾತ್ರ ನರದ ಕಾಯಿಲೆ ಬಂತು. ಅದೂ ಯಾವಾಗ? ನಾಲ್ಕೆಕರೆ ಕಾಫಿ ತೋಟದ ಬ್ರಹ್ಮಚಾರಿಗೆ ಹೆಣ್ಣು ಕೊಡುವವರೇ ಇಲ್ಲದ ಈ ಕಾಲದಲ್ಲಿ, ನನ್ನ ತಲೆಯ ಮುಂಭಾಗದ ಕೂದಲು ರಾಜೀನಾಮೆ ಕೊಟ್ಟ ಮೇಲೆ, ವಸ್ತಾರೆಯ ಸಂಬಂಧವೊಂದು ಇನ್ನೇನು ಕುದುರಿತು ಅನ್ನುವ ವಾರದಲ್ಲಿ.

ಶುರುವಾದದ್ದು ಬಲಗೈಯ ಕಿರುಬೆರಳಿನಿಂದ. ಜೋಮು ಹಿಡಿಯಿತು. ಕೂತಾಗ ಕಾಲಿಗೆ ಹಿಡಿಯುವ ಜೋಮು ಎದ್ದು ಓಡಾಡಿದರೆ ಹೋಗುತ್ತದೆ, ಇದು ಹೋಗಲಿಲ್ಲ. ಪಕ್ಕದ ಉಂಗುರದ ಬೆರಳಿಗೂ ಹಬ್ಬಿತು, ಆದರೆ ಅರ್ಧಕ್ಕೆ ಮಾತ್ರ. ಕಿರುಬೆರಳಿನ ಕಡೆಯ ಅರ್ಧ ಚಿವುಟಿದರೂ ಗೊತ್ತಾಗುತ್ತಿರಲಿಲ್ಲ, ಇನ್ನರ್ಧ ಮುಟ್ಟಿದರೆ ಸಾಕು ತಿಳಿಯುತ್ತಿತ್ತು. ಒಂದೇ ಬೆರಳಿನಲ್ಲಿ ಇಷ್ಟು ಅಚ್ಚುಕಟ್ಟಾಗಿ ಪಾಲಾದದ್ದನ್ನು ಕಂಡು ಆಶ್ಚರ್ಯವಾಯಿತು. ನಮ್ಮ ದೊಡ್ಡಪ್ಪನ ಮಕ್ಕಳು ತೋಟ ಪಾಲು ಮಾಡಿಕೊಂಡಾಗ ಬೇಲಿ ಹೀಗೆ ನೇರಕ್ಕೆ ಬಂದಿರಲಿಲ್ಲ.

ಚಿಕ್ಕಮಗಳೂರಿನ ಡಾಕ್ಟರು ನನ್ನ ಮೊಣಕೈಯ ಒಳಬದಿಯನ್ನು ಮೆಲ್ಲಗೆ ತಟ್ಟಿದರು. ಕಿರುಬೆರಳಿನ ತುದಿಯವರೆಗೆ ಜುಮ್ಮೆಂದಿತು.

"ಜೀಪು ಓಡಿಸ್ತೀರಾ?"

"ಹೌದು ಡಾಕ್ಟ್ರೇ."

"ಮೊಣಕೈ ಕಿಟಕಿ ಮೇಲೆ ಊರ್ಕೊಂಡು?"

ನಾನು ಮೊಣಕೈಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡೆ. ನಮ್ಮ ಸೀಮೆಯಲ್ಲಿ ಮೊಣಕೈ ಹೊರಗೆ ಚಾಚಿ ಜೀಪು ಓಡಿಸುವುದು ಅಭ್ಯಾಸವಲ್ಲ, ಅಂತಸ್ತು. ದೊಡ್ಡ ಪ್ಲಾಂಟರುಗಳು ಹಾಗೇ ಓಡಿಸುತ್ತಾರೆ. ಎದುರಿಗೆ ಇನ್ನೊಂದು ಜೀಪು ಬಂದರೆ ಆ ಕೈಯ ಎರಡು ಬೆರಳನ್ನು ಮಾತ್ರ ಎತ್ತುತ್ತಾರೆ, ಅದೇ ನಮಸ್ಕಾರ. ನಾಲ್ಕೆಕರೆಯವನು ನಲವತ್ತೆಕರೆಯವನ ಹಾಗೆ ಕಾಣಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿರಲಿಲ್ಲ.

ಡಾಕ್ಟರಿಗೆ ಅಂದು ಬಿಡುವಿತ್ತೆಂದು ಕಾಣುತ್ತದೆ, ಪಾಠವನ್ನೇ ಮಾಡಿದರು. "ನರ ಅಂದ್ರೆ ಕರೆಂಟಿನ ತಂತಿ ಅಲ್ಲ ಕಣ್ರೀ. ಎಸ್ಟೇಟಲ್ಲಿ ಕೆಲಸದೋರ ಲೈನ್ ಮನೆ ಸಾಲಾಗಿ ಇರುತ್ತಲ್ಲ, ಹಾಗೆ." ನರದ ಗೋಡೆಯುದ್ದಕ್ಕೂ ಪುಟ್ಟ ಪುಟ್ಟ ಬಾಗಿಲುಗಳಂತೆ. ಹೊರಗೆ ಸೋಡಿಯಂ ಹೆಚ್ಚು, ಒಳಗೆ ಪೊಟ್ಯಾಸಿಯಂ ಹೆಚ್ಚು. ಬೆರಳಿಗೆ ಏನಾದರೂ ತಾಗಿದರೆ ಮೊದಲ ಬಾಗಿಲು ತೆರೆದು ಸೋಡಿಯಂ ಒಳಗೆ ನುಗ್ಗುತ್ತದೆ, ಅಲ್ಲೊಂದಿಷ್ಟು ವಿದ್ಯುತ್ತಿನ ಗಲಾಟೆ. ಆ ಗಲಾಟೆಗೆ ಪಕ್ಕದ ಬಾಗಿಲು ತೆರೆಯುತ್ತದೆ, ಅದಕ್ಕೆ ಅದರಾಚೆಯದು. ಅಷ್ಟರಲ್ಲಿ ಹಿಂದಿನ ಮನೆಯಲ್ಲಿ ಪೊಟ್ಯಾಸಿಯಂ ಹೊರಗೆ ಹೋಗಿ ಎಲ್ಲ ತಣ್ಣಗಾಗಿರುತ್ತದೆ. ಯಾರೂ ಲೈನಿನ ಈ ತುದಿಯಿಂದ ಆ ತುದಿಗೆ ನಡೆಯುವುದಿಲ್ಲ, ಸುದ್ದಿ ಮಾತ್ರ ಹೋಗುತ್ತದೆ. ಒಂದು ನರಕೋಶ ಮುಗಿದಲ್ಲಿ ಸಣ್ಣ ಸಂದು. ಸಾಮಾನ್ಯವಾಗಿ ಅಲ್ಲಿ ವಿದ್ಯುತ್ತು ದಾಟುವುದಿಲ್ಲ. ಈಚೆಯ ಕೋಶ ಒಂದು ರಾಸಾಯನಿಕ ಬಿಡುತ್ತದೆ, ಅದು ತಾಗಿದ ಮೇಲೆ ಆಚೆಯ ಕೋಶ ತನ್ನ ಗಲಾಟೆ ಶುರು ಮಾಡುತ್ತದೆ. ನಾನು ವರ್ಷಗಟ್ಟಲೆ ಈ ಲೈನಿನ ಮೇಲೆಯೇ ಮೊಣಕೈ ಊರಿ ಕೂತಿದ್ದರಿಂದ ಅಲ್ಲಿ ಸುದ್ದಿ ಸಿಕ್ಕಿಕೊಳ್ಳುತ್ತಿತ್ತು. ಊರುವುದು ಬಿಟ್ಟರೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ ಅಂದರು.

ಅಲ್ಲಿಂದ ನೆಟ್ಟಗೆ ಮನೆಗೆ ಬಂದಿದ್ದರೆ ಈ ಪ್ರಬಂಧದ ಅಗತ್ಯವಿರಲಿಲ್ಲ. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಂತೆ.

"ಎಂತ ಮಾರಾಯ, ಪ್ಯಾಟೆ ಕಡೆಯಿಂದ?" ಎಂದು ಹೋಟೆಲಿನವರು ಕೇಳಿದರು.

"ಡಾಕ್ಟ್ರ ಹತ್ರ ಹೋಗಿದ್ದೆ. ನರ ಸ್ವಲ್ಪ ವೀಕಂತೆ."

ಅವರ ಕೈಯಲ್ಲಿದ್ದ ಸೌಟು ನಿಂತಿತು. ದನಿ ತಗ್ಗಿಸಿ, "ಎರಡು ನಾಟಿ ಮೊಟ್ಟೆ ಬೇಯಿಸ್ಲಾ? ಶಕ್ತಿ ಬೇಕಲ್ಲ" ಅಂದರು. ಎಂಥ ಒಳ್ಳೆಯ ಮನುಷ್ಯ ಎಂದುಕೊಂಡು ತಿಂದೆ. ನಮ್ಮ ನಾಡಿನ ಬಸ್‌ಸ್ಟ್ಯಾಂಡ್ ಗೋಡೆಗಳ ಮೇಲೆ 'ನರದೌರ್ಬಲ್ಯವೇ? ಗೋಪ್ಯವಾಗಿ ಭೇಟಿಯಾಗಿ' ಎಂದು ಬರೆದಿರುವುದು ಕಿರುಬೆರಳಿನ ವಿಚಾರವಾಗಿ ಅಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

ಆಮೇಲೆ ಡಾಕ್ಟರು ಹೇಳಿದಂತೆಯೇ ನಡೆಯಿತು. ಒಂದು ಬಾಗಿಲು ತೆರೆಯಿತು, ಪಕ್ಕದ್ದು ತೆರೆಯಿತು. ಸಂದು ಸಿಕ್ಕಲ್ಲೆಲ್ಲ ಜನ ತಮ್ಮ ತಮ್ಮ ರಾಸಾಯನಿಕ ಬೆರೆಸಿ ದಾಟಿಸಿದರು. ಮಾರನೆಯ ದಿನ, ಈ ಸಂಬಂಧ ತಂದಿದ್ದ ನನ್ನ ಚಿಕ್ಕಮ್ಮನ ಫೋನು ಬಂತು.

"ತೋರಿಸ್ಕೊಂಡಿದ್ದು ಒಳ್ಳೇದೇ ಆಯ್ತು ಬಿಡು. ಆದ್ರೆ ಊರಿಗೆಲ್ಲ ಎಂತಕ್ಕೆ ಹೇಳ್ಕೊಂಡು ಬಂದೆ? ವಸ್ತಾರೆಯವರು ಯೋಚ್ನೆ ಮಾಡಿ ಹೇಳ್ತೀವಿ ಅಂದಿದಾರೆ."

ಹೆಣ್ಣಿನ ಕಡೆಯವರು ಯೋಚನೆ ಮಾಡಿ ಹೇಳುತ್ತೇವೆ ಅಂದರೆ ಯೋಚನೆ ಮುಗಿದಿದೆ ಎಂದರ್ಥ. ನನಗೆ ನಿಜವಾಗಿ ಸಂಕಟವಾಯಿತು. ನನಗೆ ವಸ್ತಾರೆಯ ಆ ಹುಡುಗಿ ಸುಪ್ರೀತಾ ಇಷ್ಟವಾಗಿದ್ದಳು. ನೋಡಲು ಹೋದಾಗ ಎಷ್ಟು ಎಕರೆ ಎಂದು ಕೇಳದ ಮೊದಲ ಹುಡುಗಿ ಅವಳು. ತಡೆಯಲಾರದೆ ಅವಳ ಅಪ್ಪನಿಗೆ ನಾನೇ ಫೋನು ಮಾಡಿ, ವಿಜ್ಞಾನದ ಮೂಲಕ ಮಾನ ಉಳಿಸಿಕೊಳ್ಳಲು ಹೊರಟೆ.

"ಸೋಡಿಯಂ ಒಳಗೆ ನುಗ್ಬೇಕು ಸಾರ್, ನಂದು ಸರಿಯಾಗಿ ನುಗ್ತಿಲ್ಲ. ಸುದ್ದಿ ಅರ್ಧ ದಾರಿಗೆ ನಿಂತು ಹೋಗುತ್ತೆ. ಕೆಲವು ತಿಂಗಳು ಟೈಮ್ ಕೊಟ್ರೆ ಸರಿಹೋಗುತ್ತಂತೆ."

"ಅಷ್ಟೆಲ್ಲ ಇದೆಯಾ" ಎಂದು ಅವರು ನಿಟ್ಟುಸಿರು ಬಿಟ್ಟು ಫೋನು ಇಟ್ಟರು. ಸಂಜೆ ಸುಪ್ರೀತಾಳೇ ಫೋನು ಮಾಡಿದಳು.

"ಅಪ್ಪಂಗೆ ಉಪ್ಪಿನ ಪಾಠ ಮಾಡಿದ್ರಂತೆ. ಯಾವ ನರ ಅಂತ ಹೇಳ್ಲೇ ಇಲ್ವಂತಲ್ಲ."

ಬೆರಳು ಎಂಬ ಒಂದು ಪದ ಬಿಟ್ಟು ಉಳಿದದ್ದನ್ನೆಲ್ಲ ನಾನು ವಿವರವಾಗಿ ಹೇಳಿದ್ದು ಆಗ ನೆನಪಾಯಿತು. "ಮೊಣಕೈದು," ಅಂದೆ. "ಜೀಪಿನ ಕಿಟಕಿಗೆ ಊರಿ ಊರಿ. ಕಿರುಬೆರಳು ಪೂರ್ತಿ, ಉಂಗುರದ ಬೆರಳು ಅರ್ಧ ಜೋಮು."

ಅವಳು ನಗತೊಡಗಿದಳು. ಮುಗಿಯುವವರೆಗೆ ನಾನು ಫೋನು ಹಿಡಿದು ಕಾದೆ.

"ಇನ್ನರ್ಧ ಸರಿ ಇದೆಯಲ್ಲ, ಸಾಕು ಬಿಡಿ," ಅಂದಳು. "ಉಂಗುರ ಹಾಕಿದ್ದು ಅದಕ್ಕಾದ್ರೂ ಗೊತ್ತಾಗುತ್ತೆ."

ಗೊತ್ತಾಯಿತು. ನಿಶ್ಚಿತಾರ್ಥದ ದಿನ ಅವಳು ಉಂಗುರ ತೊಡಿಸಿದಾಗ ಬೆರಳಿನ ಈಚೆ ಪಕ್ಕಕ್ಕೆ ತಣ್ಣಗೆ ತಾಗಿತು. ಆಚೆ ಪಕ್ಕಕ್ಕೆ ಮದುವೆ ನಿಶ್ಚಯವಾದ ಸುದ್ದಿ ಇನ್ನೂ ತಲುಪಿಲ್ಲ. ಈಗ ಜೀಪಿನಲ್ಲಿ ಮೊಣಕೈ ಮುದುರಿಕೊಂಡು ಕೂರುತ್ತೇನೆ, ಎದುರಿಗೆ ಯಾರು ಬಂದರೂ ಬೆರಳು ಎತ್ತುವುದಿಲ್ಲ. ಮೊನ್ನೆ ಕೊಟ್ಟಿಗೆಹಾರದಲ್ಲಿ ಹೋಟೆಲಿನವರು ಹತ್ತಿರ ಬಂದು, "ಎಂತ ಮಾರಾಯ, ಈಗ ಕೈಯೂ ಎತ್ತಕ್ಕೆ ಆಗ್ತಿಲ್ವಂತೆ?" ಎಂದು ಕನಿಕರದಿಂದ ಕೇಳಿದರು. ಸೋಡಿಯಂನಿಂದ ಶುರು ಮಾಡಲು ಬಾಯಿ ತೆರೆದವನು ಮುಚ್ಚಿಕೊಂಡೆ. ಅವರು ಎರಡು ನಾಟಿ ಮೊಟ್ಟೆ ತಂದಿಟ್ಟರು. ಸುಮ್ಮನೆ ತಿಂದೆ.