ಶಿವಾಲಕ್ಕೆ ಬಂದ ಸಮುದ್ರ

ಜಗತ್ತೆಲ್ಲ ಕಾಶಿಗೆ ಬರಬೇಕೆಂದು ಹಂಬಲಿಸುತ್ತದೆ. ಕಾಶಿಯಲ್ಲೇ ಇದ್ದುಕೊಂಡು, ಇಲ್ಲಿಂದ ಯಾವಾಗ ಹೊರಟೇನು ಎಂದು ಹಂಬಲಿಸುವ ಜೀವ ಒಂದೇ ಒಂದಿದೆ. ಅಗ್ನಿಸಾಕ್ಷಿಯಾಗಿ ನಾನು ಕೈಹಿಡಿದದ್ದು ಅದನ್ನೇ.

ಪ್ರಿಯಂವದಾ ಗೋಕರ್ಣದವಳು. ನಾನೋ ಇಲ್ಲಿನ ಶಿವಾಲ ಘಾಟಿನ ಪುರೋಹಿತ. ದಕ್ಷಿಣದಿಂದ ಬರುವ ಯಾತ್ರಿಕರಿಗೆ ಪಿಂಡ, ತರ್ಪಣ ಮಾಡಿಸುವವನು. ಇವಳನ್ನು ತವರಿಗೆ ಕರೆದೊಯ್ಯಲೆಂದು ತೆಗೆಸಿದ ರೈಲು ಟಿಕೇಟುಗಳೆಲ್ಲ ರದ್ದಾಗಿವೆ. ಒಮ್ಮೆ ಕಾರ್ತಿಕ ಅಡ್ಡ ಬಂತು, ಒಮ್ಮೆ ಮಾಘ, ಒಮ್ಮೆ ಪಿತೃಪಕ್ಷ. (ಸತ್ತವರು ರಜೆ ಕೊಡುವುದಿಲ್ಲ ಸ್ವಾಮಿ!)

"ಎದುರಿಗೇ ಗಂಗೆ ಇದ್ದಾಳಲ್ಲೇ, ಇನ್ನೆಂಥದು ಬೇಕು ನಿಂಗೆ?" ಎಂದು ನಾನು ರೇಗಿದರೆ,

"ಗಂಗೆ ಹೋಗ್ತಾಳೆ ಕಣ್ರೀ, ಹೋಗ್ತಾನೇ ಇರ್ತಾಳೆ. ಸಮುದ್ರ ಹಾಗಲ್ಲ. ಹೋಗಿ, ತಿರುಗಿ ಬಂದು ಕಾಲು ಮುಟ್ಟತ್ತೆ," ಎಂದು ಕಿಟಕಿಯ ಹೊರಗೆ ನೋಡುತ್ತಾಳೆ. ಆ ಮುಖ ಕಂಡರೆ ನನಗೆ ಅನ್ನ ಇಳಿಯುವುದಿಲ್ಲ.

ಆಗ ತಂದೆಯ ಕರ್ಮಕ್ಕೆಂದು ಮುಂಬಯಿಯಿಂದ ಬಂದ ಯಜಮಾನರೊಬ್ಬರು, ಮನೆಯಲ್ಲಿ ಗಾಜಿನ ತೊಟ್ಟಿ ಕಟ್ಟಿಸಿ ಉಪ್ಪುನೀರು, ಜೀವಂತ ಹವಳ, ಮೀನು ಎಲ್ಲ ಸಾಕಿರುವುದಾಗಿ ಹೇಳಿದರು. ನನಗೆ ಜ್ಞಾನೋದಯವಾಯಿತು. ಹೆಂಡತಿಯನ್ನು ಸಮುದ್ರಕ್ಕೆ ಒಯ್ಯಲಾಗದಿದ್ದರೆ ಸಮುದ್ರವನ್ನೇ ಹೆಂಡತಿಯ ಬಳಿಗೆ ತಂದರಾಯಿತು! ಭಗೀರಥನ ತರುವಾಯ ಇಂಥ ಸಾಹಸಕ್ಕೆ ಕೈಹಾಕಿದವನು ನಾನೇ ಇರಬೇಕು.

ಯಜಮಾನರು ಹವಳ, ಮೀನು ಕಳಿಸಿದರು. ತೊಟ್ಟಿ ಬಂತು. ನಾನು ನೀರಿಗೆ ಉಪ್ಪು ಸುರಿಯುವುದನ್ನು ನೋಡಿ ನನ್ನ ತಾಯಿ ಭಾಗೀರಥಮ್ಮ, "ಉಪ್ಪಿನಕಾಯಿ ಹಾಕ್ತಿದ್ದೀಯೇನೋ ವಿಶ್ವನಾಥ? ಮೆಣಸಿನಪುಡಿ ತರ್ಲಾ?" ಎಂದರು.

ಮೇಲೊಂದು ದೊಡ್ಡ ತೊಟ್ಟಿ, ಕೆಳಗೊಂದು ಚಿಕ್ಕದು. ಮೇಲಿನ ನೀರು ಅಂಚಿನಿಂದ ತುಳುಕಿ ಕೆಳಗಿಳಿದು ಶುದ್ಧವಾಗುತ್ತದೆ. ಪಂಪು ಅದನ್ನು ತಿರುಗಿ ಮೇಲಕ್ಕೆ ಕಳಿಸುತ್ತದೆ. ಹೀಗೆ ವಾಪಸಾಗುವ ಕೊಳವೆಯ ಬಾಯಿ ಎಲ್ಲಿರಬೇಕು? "ನೀರಿನ ಮೇಲ್ಭಾಗದಲ್ಲೇ ಇಡಿ ಭಟ್ರೇ, ಮರೀಬೇಡಿ," ಎಂದು ಯಜಮಾನರು ಸಾರಿ ಸಾರಿ ಹೇಳಿದ್ದರು. ಆದರೆ ನಾನು ವೈದಿಕ! ಲಿಂಗದಿಂದ ಇಳಿದುಹೋದ ನೀರು ನಿರ್ಮಾಲ್ಯ. ಅದನ್ನು ತಿರುಗಿ ಲಿಂಗದ ತಲೆಗೆ ಸುರಿಯುವುದುಂಟೇ? ಹವಳವೆಂದರೆ ನವರತ್ನಗಳಲ್ಲೊಂದು, ಅದರ ತಲೆಗೆ ಮಾತ್ರ ಸುರಿಯಬಹುದೇ? ನೆಲದ ಮೇಲೆ ರಂಗೋಲಿಪುಡಿಯಲ್ಲಿ ನಕ್ಷೆ ಬರೆದು, ಕೊಳವೆಯನ್ನು ತೊಟ್ಟಿಯ ತಳಕ್ಕಿಳಿಸಿ, ಬಾಯಿಯನ್ನು ಉತ್ತರಕ್ಕೆ ತಿರುಗಿಸಿದೆ. ಕಾಶಿಯಲ್ಲಿ ಗಂಗೆಯೂ ಉತ್ತರಕ್ಕೇ ಹರಿಯುತ್ತಾಳಲ್ಲ!

ಎಲ್ಲ ಸಿದ್ಧವಾದ ಮೇಲೆ ಪ್ರಿಯಂವದಾಳನ್ನು ಕರೆತಂದು ತೊಟ್ಟಿಯ ಮುಂದೆ ಕೂರಿಸಿದೆ. ಅವಳು ಗಾಜಿಗೆ ಕೈಯಿಟ್ಟಳು. ಹವಳವೆಲ್ಲ ಒಂದೇ ಕಡೆಗೆ ವಾಲಿ ನಿಂತಿತ್ತು. ಮೀನುಗಳು ದಕ್ಷಿಣಕ್ಕೆ ಈಜಲು ಹೋಗಿ ಉತ್ತರದ ಮೂಲೆ ಸೇರುತ್ತಿದ್ದವು.

"ಇದೂ ಹೋಗ್ತಾನೇ ಇದೆಯಲ್ರೀ..." ಎಂದಳು ಸಣ್ಣ ದನಿಯಲ್ಲಿ.

ನಾನು ಬಾಯಿ ತೆರೆಯುವಷ್ಟರಲ್ಲಿ ಬಿಜಲಿ ಹೋಯಿತು. (ಬನಾರಸಿನಲ್ಲಿ ಅದು ಹೋಗುವುದು ವಿಶೇಷವಲ್ಲ, ಇರುವುದು ವಿಶೇಷ.) ಪಂಪು ನಿಂತಿತು. ತಳದಲ್ಲಿದ್ದ ಕೊಳವೆ ನನ್ನ ಸಮುದ್ರವನ್ನು ಗಟಗಟ ಹೀರಿ ಕೆಳಗಿನ ತೊಟ್ಟಿಗೆ ಇಳಿಸತೊಡಗಿತು. ಅದು ತುಂಬಿ ಉಕ್ಕಿ ನೀರು ನಡುಮನೆಗೆ ನುಗ್ಗಿತು.

"ಅಯ್ಯೋ, ದೇವರ ಮನೆ ಕಡೆ ಬಂತಲ್ಲೋ!" ಎಂದು ಅಮ್ಮ ಕೂಗಿದರು. ನನಗೆ ವರುಣಮಂತ್ರ ಬಿಟ್ಟು ಬೇರೇನೂ ತೋಚಲಿಲ್ಲ. (ಅದು ನೀರನ್ನು ಕರೆಯುವ ಮಂತ್ರ ಎಂಬುದು ಅರ್ಧ ಹೇಳಿದ ಮೇಲೆ ನೆನಪಾಯಿತು.)

ಪ್ರಿಯಂವದಾ ಸೆರಗು ಸಿಕ್ಕಿಸಿಕೊಂಡು, ತೊಟ್ಟಿಗೆ ಕೈಹಾಕಿ ಕೊಳವೆಯ ಬಾಯನ್ನು ನೀರಿನಿಂದ ಮೇಲಕ್ಕೆತ್ತಿದಳು. ಹರಿವು ತಟ್ಟನೆ ನಿಂತಿತು. ನೆಲದ ಮೇಲಿದ್ದ ನೀರು ಬಾಗಿಲತ್ತ ಓಡಿ, ಎತ್ತರದ ಹೊಸ್ತಿಲಿಗೆ ಬಡಿದು, ತಿರುಗಿ ಬಂದು ಅವಳ ಪಾದ ಮುಟ್ಟಿತು.

ಅವಳು ಕಣ್ಣು ಮುಚ್ಚಿಕೊಂಡಳು. "ಬಂತು ಕಣ್ರೀ," ಎಂದಳು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. "ಯಾವ ಯಾತ್ರಿಕರು ಬಂದರೂ ಸರಿ, ಈ ಸಲ ಗೋಕರ್ಣಕ್ಕೆ ಹೋಗೇ ಹೋಗೋಣ," ಎಂದು ಘೋಷಿಸಿಬಿಟ್ಟೆ.

ಟಿಕೇಟು ಬಂತು. ಹೊರಡುವಾಗ ಅಮ್ಮ ಕೇಳಿದರು, "ಬಿಜಲಿ ಹೋದ್ರೆ ಈ ಮೀನು, ಹವಳದ ಗತಿ ಏನೋ? ಜೀವ ಇರೋ ನವರತ್ನ ಅಂತ ನೀನೇ ಅಂದಿದ್ದೆ. ಬಿಟ್ಟು ಹೋದ್ರೆ ಪಾಪ ಬರಲ್ವಾ?"

ಪಾಪಭೀರುವಾದ ನಾನು ಉಳಿದೆ. ಅತ್ತೆ ಸೊಸೆ ರೈಲು ಹತ್ತಿದರು.

ಈಗ ಕೊಳವೆಯ ಬಾಯಿ ಮೇಲ್ಭಾಗದಲ್ಲೇ ಇದೆ. ತೊಟ್ಟಿಯ ಗೋಡೆಗೆ ಬಡಿದ ನೀರು ಎರಡೂ ಕಡೆಯಿಂದ ತಿರುಗಿ ಬರುತ್ತದೆ, ಹವಳ ಅತ್ತಿತ್ತ ತೂಗುತ್ತದೆ. ತೋರಿಸೋಣವೆಂದರೆ ಮನೆಯಲ್ಲಿ ಯಾರೂ ಇಲ್ಲ. ನನ್ನ ಕೈಯಡುಗೆ ನನಗೇ ಸೇರುತ್ತಿಲ್ಲ. ನಿನ್ನೆ ತಾಳಲಾರದೆ ಮೊಬೈಲಿಗೆ ಫೋನ್ ಮಾಡಿದೆ. ಆ ಕಡೆ ಅಲೆಗಳ ಸದ್ದು.

"ಯಾವಾಗ ಬರ್ತೀಯೇ ಮಾರಾಯ್ತಿ?"

"ಕಾರ್ತಿಕ ಬಂತಲ್ರೀ, ಅತ್ತೆಗೆ ಇಲ್ಲೇ ಸ್ನಾನ ಮಾಡ್ಬೇಕಂತೆ. ಆಮೇಲೆ ಮಾಘ ಬರತ್ತೆ..."

"ನನ್ನ ಗತಿ?"

"ಎದುರಿಗೇ ಸಮುದ್ರ ಇದೆಯಲ್ರೀ, ಇನ್ನೆಂಥದು ಬೇಕು ನಿಮಗೆ?"